ಎರಡು ಕಿಟಕಿಯ ಕ್ಯಾಮೆರಾ

ಕುಮಟೆಯ ಸ್ಟುಡಿಯೋದವನು ಆ ಭಾನುವಾರ ಯಾರದೋ ಮದುವೆಯ ಫೋಟೋ ತೆಗೆಯಲು ಹೊನ್ನಾವರಕ್ಕೆ ಹೋದದ್ದೇ ಎಲ್ಲ ಅನಾಹುತಕ್ಕೂ ಮೂಲ. ಅಂಗಡಿಯಲ್ಲಿ ರೋಲು ತೊಳೆಯುವವನಿದ್ದ, ಫೋಟೋ ತೆಗೆಯುವವರಿರಲಿಲ್ಲ. ಇತ್ತ ಗಣಪಿಯ ಮಗಳು ಚಂದನಾಳ ಫೋಟೋ ಅಂದೇ ಸಂಜೆಯೊಳಗೆ ಭಟ್ಕಳದ ಗಂಡಿನ ಮನೆ ಮುಟ್ಟಬೇಕಾಗಿತ್ತು. ಬ್ಯಾಂಕಿನಲ್ಲಿದ್ದ ಆ ಗಂಡು ಗುರುದತ್ತ ಮರುದಿನವೇ ರಜೆ ಮುಗಿಸಿ ಹುಬ್ಬಳ್ಳಿಗೆ ಹೊರಡುವವನಿದ್ದ. ಫೋಟೋ ಒಯ್ಯಬೇಕಾದ ಸೋದರಮಾವ ಬೊಮ್ಮಯ್ಯ ಇಸ್ತ್ರಿ ಅಂಗಿ ತೊಟ್ಟು ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂತಿದ್ದ.

ಪಕ್ಕದ ಮನೆಯ ವಿನೋದ ಬೇಲಿಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡ. ಸೊಸೈಟಿಯ ಗುಮಾಸ್ತನಾದ ಅವನಿಗೆ ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಕ್ಯಾಮೆರಾ ಮಾತ್ರ ಇತ್ತು. ಓಂ ಬೀಚಿನಲ್ಲಿ ಒಬ್ಬ ಗಡ್ಡದ ವಿದೇಶಿಗೆ ತನ್ನ ಒಳ್ಳೆಯ ಕೈಗಡಿಯಾರ ಬಿಚ್ಚಿಕೊಟ್ಟು ಪಡೆದ ಹಳೆಯ ಜರ್ಮನ್ ರೇಂಜ್‌ಫೈಂಡರ್. ಅದರ ಚರಿತ್ರೆಯನ್ನು ಅವನು ಕೇಳಿದವರಿಗೂ ಕೇಳದವರಿಗೂ ಹೇಳಿ ಮುಗಿಸಿದ್ದ. ಯುದ್ಧದ ನಡುವೆ ನುಗ್ಗಿ ಫೋಟೋ ತೆಗೆದ ಪತ್ರಕರ್ತರ ಕೊರಳಲ್ಲಿ ಇಂಥವೇ ನೇತಾಡುತ್ತಿದ್ದವಂತೆ. ಒಳಗೆ ಟಪ್ಪೆಂದು ಏಳುವ ಬೀಳುವ ಕನ್ನಡಿ ಇಲ್ಲದ್ದರಿಂದ, ಗುಂಡಿ ಒತ್ತಿದರೆ ಮಲಗಿದ ಬೆಕ್ಕಿನ ಕಿವಿಯೂ ಅಲುಗುವುದಿಲ್ಲವಂತೆ. ಕ್ಯಾಮೆರಾದ ಮುಖದ ಮೇಲೆ ಎರಡು ಕಿಟಕಿ. ಹಿಂದಿನಿಂದ ಕಣ್ಣಿಟ್ಟು ನೋಡಿದರೆ ಒಬ್ಬ ಮನುಷ್ಯ ಇಬ್ಬರಾಗಿ, ಬದುಕಿರುವವನ ಪಕ್ಕಕ್ಕೆ ಅವನದೇ ದೆವ್ವ ಬಂದು ನಿಂತಂತೆ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಮನುಷ್ಯ, ದೆವ್ವ ಎರಡೂ ಸೇರಿ ಒಂದಾಗುತ್ತವೆ. ಫೋಕಸ್ ಸರಿಯಾಯಿತು ಎಂದು ಲೆಕ್ಕ.

“ಎರಡು ಹೋಗಿ ಒಂದಾಗಬೇಕು, ಅಷ್ಟೇ ನೋಡಿ” ಎಂದು ಎದುರುಮನೆಯ ಮಾಲತಿಗೆ ಒಮ್ಮೆ ಅವನು ಬಹಳ ಅರ್ಥ ತುಂಬಿ ಹೇಳಿದ್ದ. ಬಾಲವಾಡಿ ಟೀಚರಾದ ಮಾಲತಿ, ಇದರಲ್ಲಿ ಕಲರ್ ಬರ್ತದಾ ಎಂದು ಕೇಳಿ ಬಾಲವಾಡಿಗೆ ಹೋಗಿಬಿಟ್ಟಿದ್ದಳು. ಅದಕ್ಕಿಂತ ಮುಂದಕ್ಕೆ ಅವರ ಕತೆ ಬೆಳೆದಿರಲಿಲ್ಲ.

ಫೋಟೋ ತಾನೇ ತೆಗೆಯುತ್ತೇನೆಂದು ವಿನೋದ ಬೇಲಿ ದಾಟಿ ಬಂದಾಗ ಬೇರೆ ದಾರಿಯಿಲ್ಲದೆ ಗಣಪಿ ಒಪ್ಪಿದಳು. ಅಂಗಳದಲ್ಲಿ ಕುರ್ಚಿ ಬಿತ್ತು. ಚಂದನಾಳ ಜಡೆಗೆ ಮಲ್ಲಿಗೆ ಮುಡಿಸಿದ ಮಾಲತಿ ಹಿಂದೆ ಸರಿದು ಬಾವಿಕಟ್ಟೆಗೆ ಒರಗಿ ನಿಂತಳು. ದಾರಿಯಲ್ಲಿ ಹೋಗುತ್ತಿದ್ದ ಕೇರಿಯ ಜಟ್ಟಿ ಒಳಬಂದು, ಬೆಳಕು ಸಾಲದೆಂದು ಕುರ್ಚಿ ಎಡಕ್ಕಿಟ್ಟ. ಎಡ ಅಪಶಕುನವೆಂದು ಬೊಮ್ಮಯ್ಯ ಬಲಕ್ಕಿಟ್ಟ. ವಿನೋದ ಒಂದು ಕಣ್ಣು ಮುಚ್ಚಿ, ಬಳೆ ತಿರುಗಿಸಿ, ಉಸಿರು ಹಿಡಿದು, ಮತ್ತೆ ತಿರುಗಿಸಿ, ಒಂದೊಂದು ಫೋಟೋಕ್ಕೂ ಒಂದೊಂದು ಹೆರಿಗೆಯಷ್ಟು ಹೊತ್ತು ತೆಗೆದುಕೊಂಡ. ಚಂದನಾಳ ಮುಖದ ಪೌಡರು ದೋಸೆಹಿಟ್ಟಿನಂತೆ ಕರಗಿ ಕೊರಳಿಗೆ ಇಳಿಯತೊಡಗಿತು. ರೋಲು ಮುಗಿಯಲು ಒಂದೇ ಫೋಟೋ ಬಾಕಿ ಇರುವಾಗ ಬಾವಿಕಟ್ಟೆಯಿಂದ ಮಾಲತಿಯ ದನಿ ಬಂತು.

“ವಿನೋದಣ್ಣ, ಎದುರಿನ ಮುಚ್ಚಳ ತೆಗೀಲೇ ಇಲ್ವಲ್ಲ.”

ವಿನೋದ ಮುಗುಳ್ನಕ್ಕ. “ಇದು ಬೇರೆ ಕ್ಯಾಮೆರಾದ ಹಾಗಲ್ಲ. ನೋಡೋ ಕಿಟಕಿ ಬೇರೆ, ಲೆನ್ಸ್ ಬೇರೆ. ಮುಚ್ಚಳ ಇದ್ರೂ ಎಲ್ಲಾ ಕಾಣ್ತದೆ. ಇದರ ವಿಶೇಷವೇ ಅದು.”

“ನಿಮಗೆ ಕಾಣ್ತದೆ. ರೋಲಿಗೆ ಕಾಣ್ತದಾ?”

ಜಟ್ಟಿ ಮೊದಲು ನಕ್ಕ, ಆಮೇಲೆ ಉಳಿದವರು. ಹೊಸ ರೋಲು ತರುತ್ತೇನೆಂದು ವಿನೋದ ಹೊರಟರೆ ಬೊಮ್ಮಯ್ಯ ಬಿಡಲಿಲ್ಲ. ಹುಡುಗಿಗೆ ಇರೋದು ಒಂದೇ ಮುಖ, ಒಂದು ಫೋಟೋ ಸಾಕು ಎಂದ.

ವಿನೋದ ಮುಚ್ಚಳ ತೆಗೆದು ಕಣ್ಣಿಟ್ಟ. ಚಂದನಾಳ ಹೆಗಲಿನಾಚೆ ಬಾವಿಕಟ್ಟೆಯ ಹತ್ತಿರ ಇಬ್ಬರು ಮಾಲತಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವನ ಕೈ ತಾನಾಗಿ ಬಳೆ ತಿರುಗಿಸಿತು. ಇಬ್ಬರೂ ಮೆಲ್ಲಗೆ ಹತ್ತಿರ ಬಂದು ಒಬ್ಬಳಾದರು, ಸೆರಗು ಜಾರಿತು, ಅವನು ಒತ್ತಿಬಿಟ್ಟ. ಫಸ್ಟ್‌ಕ್ಲಾಸ್ ಬಂದದೆ ಎಂದ. ಒಂದು ಮಾತೂ ಸುಳ್ಳಲ್ಲ.

ರೋಲನ್ನು ಸ್ಟುಡಿಯೋಕ್ಕೆ ಕೊಟ್ಟು ಮನೆಗೆ ಬಂದ ಅವನ ಯೋಜನೆ ಸರಳವಾಗಿತ್ತು: ಪ್ರಿಂಟನ್ನು ತಾನೇ ಮೊದಲು ಪಡೆದು ಅಂಗಿಯ ಕಿಸೆಗೆ ಸೇರಿಸುವುದು, ಫೋಟೋ ಕೆಟ್ಟುಹೋಯಿತೆಂದು ಗಣಪಿಗೆ ಹೇಳುವುದು. ಊಟ ಮಾಡಿದ, ಮೀನುಸಾರಿನ ಅಮಲಿಗೆ ಸ್ವಲ್ಪ ಕಣ್ಣು ಹತ್ತಿತು. ಎದ್ದು ಸ್ಟುಡಿಯೋಕ್ಕೆ ಓಡಿದಾಗ ಬೊಮ್ಮಯ್ಯ ಕವರನ್ನು ಬಿಚ್ಚಿ ಕೂಡ ನೋಡದೆ ಒಯ್ದು ಭಟ್ಕಳದ ಬಸ್ಸು ಹತ್ತಿಯಾಗಿತ್ತು.

ವಿನೋದ ಸಿಕ್ಕಿದ ಟೆಂಪೋಕ್ಕೆ ಜೋತುಬಿದ್ದ. ಹೊನ್ನಾವರದಲ್ಲಿ ಇಳಿದು ಇನ್ನೊಂದು ಹಿಡಿದ. ಅದರಲ್ಲಿ ಮೀನುಬುಟ್ಟಿಗಳ ನಡುವೆ ಬಗ್ಗಿ ನಿಂತು, ತಲೆ ತೆಂಗಿನ ನಾರಿನ ಉಂಡೆಯಂತಾಗಿ, ವಿಚಾರಿಸುತ್ತ ವಿಚಾರಿಸುತ್ತ ಗಂಡಿನ ಮನೆ ತಲುಪಿದಾಗ ಬೊಮ್ಮಯ್ಯ ಎರಡನೇ ಸಲ ಅವಲಕ್ಕಿ ಹಾಕಿಸಿಕೊಳ್ಳುತ್ತಿದ್ದ. ಫೋಟೋ ಗುರುದತ್ತನ ತಾಯಿಯ ಕೈಯಲ್ಲಿತ್ತು.

“ಹುಡುಗಿ ಲಕ್ಷಣವಾಗಿದ್ದಾಳೆ” ಎಂದು ಆಕೆ ಹೇಳುತ್ತಿದ್ದಳು. “ಆದ್ರೆ ಎದುರಿಗೆ ಹೊಗೆ ಹಾಕಿದ್ದು ಎಂತಕ್ಕೆ?”

ಹೊಗೆ ಎಂದದ್ದು ಎದುರಿಗೆ ಮಸುಕಾಗಿ ಬಂದಿದ್ದ ಚಂದನಾಳಿಗೆ. ಬೊಮ್ಮಯ್ಯ ಫೋಟೋ ಇಸಿದುಕೊಂಡು ನೋಡಿದ. ಅವಲಕ್ಕಿಯ ತಟ್ಟೆ ಕೆಳಗಿಟ್ಟ. ಆದರೆ ಅನುಭವಸ್ಥ. ಸೋದರಸೊಸೆಯ ಸಂಬಂಧ ತಪ್ಪಿದರೂ ಸಂಬಂಧ ಕುದುರಿಸಿದ ಹೆಸರು ತಪ್ಪಬಾರದು. ಅದು ನಮ್ಮ ಎದುರುಮನೆ ಹುಡುಗಿ ಮಾಲತಿ, ನಮ್ಮೋರೇ ಎಂದುಬಿಟ್ಟ. ನಂಬಿಕೆ ಬರದಿದ್ದರೆ ಫೋಟೋ ತೆಗೆದವನೇ ಬಂದಿದ್ದಾನೆ, ಕೇಳಿ ಎಂದು ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ವಿನೋದನನ್ನು ತೋರಿಸಿದ.

ಗುರುದತ್ತ ಎದ್ದು ಬಂದು ಕುರ್ಚಿ ಕೊಟ್ಟ. ಇಷ್ಟು ಮನಸ್ಸಿಟ್ಟು ಯಾರೂ ಫೋಟೋ ತೆಗೆಯುವುದಿಲ್ಲ ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ಹುಡುಗಿ ಸ್ವಭಾವ ಹೇಗೆ?” ಎಂದು ಕೇಳಿದ.

ದಾರಿಯುದ್ದಕ್ಕೂ ಒಂದಿಷ್ಟು ಸುಳ್ಳು ಜೋಡಿಸಿಕೊಂಡು ಬಂದಿದ್ದ ವಿನೋದನಿಗೆ ಅವಳು ಜಗಳಗಂಟಿ ಎಂದು ಹೇಳುವುದು ಕಷ್ಟವಿರಲಿಲ್ಲ. ಬಾಯಿಯನ್ನೂ ತೆರೆದ. ಮೇಜಿನ ಮೇಲಿನ ಫೋಟೋದಲ್ಲಿ ಮಾಲತಿ ನಗುತ್ತಿದ್ದಳು.

“ಅಂಥಾ ಹುಡುಗಿ ಸಿಗೂದಿಲ್ಲ” ಎಂದ.

ಮುಂದಿನ ಭಾನುವಾರ ಗಂಡಿನವರು ಬಂದು ಹೋದರು; ಮಾಲತಿಯ ಮದುವೆ ಗೊತ್ತಾಯಿತು. ಆ ಸಂಜೆ ಗಣಪಿ ಬೇಲಿಯ ಹತ್ತಿರ ಬಂದು ಕರೆದಾಗ ವಿನೋದ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಗಣಪಿಯ ಮುಖದಲ್ಲಿ ಸಿಟ್ಟಿರಲಿಲ್ಲ.

“ಅಂಕೋಲೆಯಿಂದ ಮತ್ತೊಂದು ಸಂಬಂಧ ಬಂದದೆ. ಕ್ಯಾಮೆರಾ ತಕಂಡು ಬಾ ಮಾರಾಯ” ಎಂದಳು. “ಈ ಸಲ ಚಂದನಾ ಬಾವಿಕಟ್ಟೆ ಹತ್ರ ನಿಲ್ತಾಳೆ. ಗುಂಡಿ ಬೊಮ್ಮಯ್ಯ ಒತ್ತತಾನೆ. ಎದುರಿನ ಕುರ್ಚೀಲಿ ಹೊಗೆ ಆಗ್ಲಿಕ್ಕೆ ನೀನು ಕೂತ್ಕೋ.”