ಬೈಂಡರ್ ಸರಿಪಡಿಸಿದ ಸಂಗೀತದ ಪುಸ್ತಕ

"ತಪ್ಪು ಅಂತ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರೋ ಜಾಯಮಾನ ನಂದಲ್ಲ!"

ಬೆಳಗಿನ ಹನ್ನೊಂದು ಗಂಟೆಗೆ ಬೈಂಡರ್ ಮಹಾಶಯ ಹೀಗೆ ಘೋಷಣೆ ಮೊಳಗಿಸಿದಾಗ ಕೇಳಲು ಇದ್ದವಳು ಹೆಂಡತಿಯೊಬ್ಬಳೇ. ಮನೆಯ ಮುಂಭಾಗದ ಒಂದೇ ಕೋಣೆಯ ಅಂಗಡಿ ಅದು. ಕಿಟಕಿ ಕಡೆಯ ಅರ್ಧ ಅವಳ ಹೊಲಿಗೆ ಯಂತ್ರದ್ದು. ಗೋಡೆ ಕಡೆಯ ಅರ್ಧ ಅವನ ಕಟಿಂಗ್ ಯಂತ್ರ, ಗೋಂದಿನ ಡಬ್ಬಿ, ದಾರದುಂಡೆಗಳದ್ದು. ಇಪ್ಪತ್ತೆರಡು ವರ್ಷಗಳಿಂದ ಅವನು ಬೆನ್ನು ಮುರಿದ ನಿಘಂಟುಗಳನ್ನು ನೆಟ್ಟಗೆ ನಿಲ್ಲಿಸುತ್ತ ಬಂದಿದ್ದ. ಆ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತು.

"ಈಗ್ಯಾವ ತಪ್ಪು ಕಾಣಿಸ್ತು?" ಹೆಂಡತಿ ಸೂಜಿಯಿಂದ ತಲೆ ಎತ್ತಲಿಲ್ಲ.

"ಮಗಳು ತಂದಿರೋ ಈ ಚಿತ್ರಕಥೆ ನೋಡು! ಮುಖಪುಟ ಹಿಂದೆ, ಕೊನೇ ಪುಟ ಮುಂದೆ. ಪಾಪದ್ದು, ನಾಲ್ಕು ದಿನದಿಂದ ಹಿಂದಿನಿಂದ ಓದ್ತಾ ಕೂತಿದೆ. ಪ್ರೆಸ್ಸಿನವರು ಉಲ್ಟಾ ಬೈಂಡ್ ಮಾಡಿಬಿಟ್ಟಿದಾರೆ. ಸಂಜೆ ಅವಳು ಬರೋಷ್ಟರಲ್ಲಿ ಸರಿಮಾಡಿ ಇಟ್ಟಿರ್ತೀನಿ."

"ಅವಳನ್ನ ಒಂದು ಮಾತು ಕೇಳಿ."

"ಡಾಕ್ಟರು ರೋಗೀನ ಕೇಳಿ ಆಪರೇಷನ್ ಮಾಡ್ತಾರಾ?"

"ಕೇಳೇ ಮಾಡ್ತಾರೆ. ಸಹೀನೂ ಹಾಕಿಸ್ಕೋತಾರೆ."

ಪುಸ್ತಕ ಸಾಮಾನ್ಯದ್ದಾಗಿರಲಿಲ್ಲ. ಮೂರು ತಿಂಗಳ ಹಿಂದೆ ಸ್ಪರ್ಧೆಯಲ್ಲಿ ತಾಳ ತಪ್ಪಿ, ಅರ್ಧಕ್ಕೇ ನಿಲ್ಲಿಸಿ ಬಂದ ಮಗಳು ಪಿಟೀಲನ್ನು ಬೀರುವಿನ ಮೇಲೆ ಹತ್ತಿಸಿದ್ದಳು. ಅಪ್ಪ ಅಮ್ಮ ಎಷ್ಟು ಪುಸಲಾಯಿಸಿದರೂ ಅದು ಕೆಳಗಿಳಿಯಲಿಲ್ಲ. ಸಂಗೀತದ ಟೀಚರ್ ಬೈಯಲಿಲ್ಲ, ಕನ್ನಡಕ್ಕೆ ಬಂದ ಈ ಜಪಾನಿ ಪುಸ್ತಕ ಕೊಟ್ಟು, "ಓದಿ ವಾಪಸ್ ತಾ. ಆಮೇಲೆ ತಂಡಕ್ಕೆ ಬರ್ತೀಯೋ ಇಲ್ಲವೋ ಹೇಳು" ಎಂದಿದ್ದರು. ಓದುತ್ತ ಓದುತ್ತ ಅವಳ ಬೆರಳು ಊಟದ ಮೇಜಿನ ಮೇಲೆ ಕುಣಿಯತೊಡಗಿತ್ತು. ಕೊನೆಯ ಅಧ್ಯಾಯವೊಂದು ಬಾಕಿ. ವಾಪಸ್ ಕೊಡುವ ದಿನ ನಾಳೆ!

ಅಂಥ ಪುಸ್ತಕಕ್ಕೆ ಬೈಂಡರ್ ಕೈ ಹಾಕಿದ. ತೆರೆದೊಡನೆ ಚಿತ್ರವಿಲ್ಲದ, ನಾಲ್ಕೇ ಸಾಲಿನ ಒಂದು ಹಾಳೆ ಕಂಡಿತು. "ಜಾಹೀರಾತು!" ಎಂದು ಓದದೆಯೇ ಕಿತ್ತು ಗೋಂದಿನ ಡಬ್ಬಿಯ ಕೆಳಗೆ ಹಾಸಿದ. ಬೆನ್ನು ಕತ್ತರಿಸಿ ತೆಗೆದ. ಯಂತ್ರಕ್ಕೆ ಕೊಟ್ಟ ಮೇಲೆ ಉಳಿದ ಅಂಚುಗಳೂ ನುಣ್ಣಗಾಗಲಿ ಎಂದು ಸುತ್ತಲೂ ಒಂದೊಂದು ಏಟು ಕೊಟ್ಟ. ಕಚಕ್! ಕಚಕ್! ಕಚಕ್! ಹಾಳೆಗಳ ಕಟ್ಟು ಸೋಪಿನ ಬಿಲ್ಲೆಯ ಹಾಗೆ ಹೊಳೆಯಿತು.

ಆಗ ಹೆಂಡತಿ ಅಳತೆಯ ಕಾಗದ ಅಂಟಿಸಲು ಗೋಂದಿನ ಡಬ್ಬಿ ಎತ್ತಿದಳು. ಅದರ ತಳಕ್ಕೆ ಅಂಟಿಕೊಂಡೇ ಹಾಳೆ ಮೇಲೆದ್ದಿತು. ಅವಳು ಗಟ್ಟಿಯಾಗಿ ಓದಿದಳು: "ನಿಲ್ಲಿ! ನೀವು ತಪ್ಪು ಕಡೆಯಿಂದ ಶುರುಮಾಡಿದ್ದೀರಿ. ಇದು ಜಪಾನಿನ ಪುಸ್ತಕ. ಆ ತುದಿಯಿಂದ ತೆರೆದು ಬಲದಿಂದ ಎಡಕ್ಕೆ ಓದಿ."

"ಏನು!" ಬೈಂಡರ್ ಗಿರ್ರನೆ ತಿರುಗಿದ. ಮೊಣಕೈ ಕಟ್ಟಿಗೆ ತಗುಲಿತು. ತೊಂಬತ್ತೆಂಟು ಹಾಳೆಗಳು ಫ್ಯಾನಿನ ಗಾಳಿಗೆ ಕೋಣೆ ತುಂಬ ಹಾರಾಡಿ, ಹೊಲಿಗೆ ಯಂತ್ರದ ಪೆಡಲಿನ ತನಕ ಹರಡಿಕೊಂಡವು.

"ಹೋಗಲಿ ಬಿಡಿ, ಪುಟದ ನಂಬರು ನೋಡಿ ಜೋಡಿಸಿದರಾಯ್ತು."

ಬೈಂಡರ್ ಕಸದ ಬುಟ್ಟಿಯತ್ತ ಬೆರಳು ಮಾಡಿದ. ಒಂದರಿಂದ ನೂರ ತೊಂಬತ್ತಾರರವರೆಗಿನ ಅಷ್ಟೂ ಅಂಕಿಗಳು ತಮ್ಮ ಪುಟಗಳಿಂದ ಬೇರೆಯಾಗಿ, ಸಣ್ಣ ಸಣ್ಣ ಪಟ್ಟಿಗಳಲ್ಲಿ ಅಲ್ಲಿ ಮಲಗಿದ್ದವು.

"ಅಂಚು ಸ್ವಲ್ಪ ಒರಟಾಗಿತ್ತು ಕಣೆ..."

"ನಿಮ್ಮ ಬುದ್ಧಿ ನುಣ್ಣಗಿದೆ ನೋಡಿ, ಅದಕ್ಕೆ!"

ಉಳಿದಿದ್ದು ಒಂದೇ ದಾರಿ. ಕಥೆ ಓದಿ ಜೋಡಿಸಬೇಕು. ಫ್ಯಾನ್ ಆರಿಸಿ ಇಬ್ಬರೂ ನೆಲಕ್ಕೆ ಕೂತರು. ಮುಚ್ಚಿಹೋಗಲಿರುವ ಒಂದು ಶಾಲೆಯ ಸಂಗೀತದ ಕೋಣೆ. ಅಲ್ಲಿ ಆಳುದ್ದದ, ಹದಿಮೂರು ತಂತಿಯ, ನೆಲದ ಮೇಲೆ ಮಲಗಿಸಿ ನುಡಿಸುವ 'ಕೋಟೊ' ಎಂಬ ವಾದ್ಯ. ಅದನ್ನು ಕಲಿಯಲು ಹೆಣಗುವ ನಾಲ್ವರು ವಿದ್ಯಾರ್ಥಿಗಳು. ಬೆರಳಿಗೆ ಪಟ್ಟಿ ಕಟ್ಟಿದ ಹುಡುಗಿ ಗಾಯವಾದ ಮೇಲೆ ಬರಬೇಕು, ತಂತಿ ಹರಿದದ್ದು ಜಗಳಕ್ಕೆ ಮೊದಲೋ ಆಮೇಲೋ ಎಂದು ಗಂಡ ಹೆಂಡಿರೇ ಒಂದು ಜಗಳ ಆಡಿ ಮುಗಿಸಿದರು. ಎರಡು ಗಂಟೆ ಹೊತ್ತಿಗೆ ಬೈಂಡರ್ ಒಂದು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. ತಾಳ ತಪ್ಪಿಸಿ ಓಡಿಹೋದ ಹುಡುಗಿಗಾಗಿ ಉಳಿದ ಮೂವರು ಒಂದು ಜಾಗ ಖಾಲಿ ಬಿಟ್ಟು ಅಭ್ಯಾಸಕ್ಕೆ ಕೂತಿದ್ದರು. ಅಷ್ಟೇ ಚಿತ್ರ. ಇವನ ಮೂಗು ಸೊರಸೊರ ಎಂದಿತು.

"ಅಳೋದು ಆಮೇಲೆ. ಮುಂದಿನ ಹಾಳೆ ಹುಡುಕಿ," ಎಂದ ಹೆಂಡತಿ ಸೆರಗಿನ ತುದಿಯಿಂದ ತನ್ನ ಕಣ್ಣೂ ಒರೆಸಿಕೊಂಡಳು.

ಗಂಟೆ ನಾಲ್ಕಾಯಿತು. ಎಲ್ಲ ಸೇರಿದರೂ ಹನ್ನೆರಡು ಹಾಳೆ ಉಳಿದವು. ಕೊನೆಯ ಕಛೇರಿಯವು. ಒಂದಕ್ಕೂ ಮಾತಿಲ್ಲ! ಬರೀ ಕೈ, ತಂತಿ, ಕಣ್ಣು. ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯುವ ಬಗೆಯೇ ಇಲ್ಲ. ಬೈಂಡರ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗಲೇ ಬಾಗಿಲಲ್ಲಿ ಮಗಳು ನಿಂತಿದ್ದಳು.

"ಅಪ್ಪಾ... ಇದು ನನ್ನ ಪುಸ್ತಕಾನಾ?"

"ಆಗಿತ್ತಮ್ಮ." ಅವನು ಎಲ್ಲವನ್ನೂ ಒಪ್ಪಿಕೊಂಡ. ಕಸದ ಬುಟ್ಟಿಯನ್ನೂ ತೋರಿಸಿದ. ಮೂರು ತಿಂಗಳ ಮೇಲೆ ಚಿಗುರಿದ್ದನ್ನು ತನ್ನ ಕೈಯಾರೆ ಕತ್ತರಿಸಿಬಿಟ್ಟೆನಲ್ಲ ಎಂದು ಪೇಚಾಡಿದ.

ಮಗಳು ಅಳಲಿಲ್ಲ, ಕೂಗಾಡಲಿಲ್ಲ. ಬ್ಯಾಗು ಇಳಿಸಿ, ಹನ್ನೆರಡು ಹಾಳೆಗಳ ಮುಂದೆ ಕೂತಳು. "ಇದು ಮೊದಲು. ಇವಳು ಇನ್ನೂ ಉಸಿರು ಬಿಟ್ಟಿಲ್ಲ ನೋಡಿ. ಇದು ಆಮೇಲೆ, ಎಡಗೈ ತಂತಿ ಒತ್ತೋಕೆ ಶುರುಮಾಡಿದೆ." ಹತ್ತು ಹಾಳೆ ಪಟಪಟ ಕೂತವು. ಉಳಿದೆರಡರಲ್ಲಿ ಒಂದರ ಕೈ ಜೋರಾಗಿ ಮೀಟುತ್ತಿತ್ತು, ಇನ್ನೊಂದರದು ಮೆಲ್ಲಗೆ; ಯಾವುದು ಮೊದಲು ಎಂದು ಅವಳು ತಡವರಿಸಿದಳು. ತಟ್ಟನೆ ಎದ್ದು ಒಳಗೆ ಹೋದಳು. ಕುರ್ಚಿ ಎಳೆದ ಸದ್ದಾಯಿತು. ಬೀರುವಿನ ಮೇಲಿನ ಧೂಳು ಕೆಳಗಿಳಿದ ಸದ್ದು ಯಾರಿಗೂ ಕೇಳುವುದಿಲ್ಲ, ಆದರೆ ಆ ಇಬ್ಬರಿಗೆ ಕೇಳಿಸಿತು.

ಪಿಟೀಲು ಹಿಡಿದು ಬಂದು, ಶ್ರುತಿ ಮಾಡಿಕೊಂಡು, ಒಂದು ಸಾಲು ಮೆಲ್ಲಗೆ ಆಮೇಲೆ ಜೋರಾಗಿ ನುಡಿಸಿದಳು. ಮತ್ತೆ ಅದನ್ನೇ ತಿರುವಿ ನುಡಿಸಿದಳು. "ಹಾಂ! ಜೋರಾಗಿರೋದು ಮೊದಲು. ಮುಗಿಯೋದು ಮೆಲ್ಲಗೆ." ಬೈಂಡರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಹೋದ ಜೀವ ಬಂದಂತಾಗಿ, ಇನ್ನೊಮ್ಮೆ ನುಡಿಸಲಿ ಎಂದು, "ಖಂಡಿತಾನಾ? ಇನ್ನೊಂದ್ಸಲ ನೋಡಿಬಿಡು," ಎಂದ. ಅವಳು ಮೂರು ಸಲ ನುಡಿಸಿದಳು.

ಮರುದಿನ, ಮೊದಲಿನಂತೆ ಬಲದಿಂದ ಎಡಕ್ಕೇ ಕಟ್ಟಿಕೊಟ್ಟ ಪುಸ್ತಕ ಹಿಡಿದು ಹೋದ ಅವಳು ಶಾಲೆಯಿಂದ ಬರುವವರೆಗೆ ಬೈಂಡರ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ.

"ಟೀಚರ್ ಏನಂದ್ರು?"

"ಪುಸ್ತಕ ಗಟ್ಟಿಯಾಗಿದೆ, ಸ್ವಲ್ಪ ಕುಳ್ಳಗಾಗಿದೆ ಅಂದ್ರು. ಎರಡನೇ ಭಾಗ ಕೊಟ್ಟಿದಾರೆ. ನಿಮಗೆ."

"ನೀನೇನಂದೆ?"

"ಶನಿವಾರದಿಂದ ಬರ್ತೀನಿ ಅಂದೆ."

ಬೈಂಡರ್ ಕುರ್ಚಿಗೆ ಒರಗಿ, ನಿನ್ನೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ಪೂರ್ತಿ ಹೊರಬಿಟ್ಟ.

ಗೋಂದು ಕುಡಿದು ಹಲಗೆಯಾಗಿದ್ದ ಆ ಹಾಳೆ ಮಾತ್ರ ಪುಸ್ತಕಕ್ಕೆ ಮರಳಲಿಲ್ಲ. ಮಗಳು ಅದನ್ನು ಕಟಿಂಗ್ ಯಂತ್ರದ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದಳು. ಮೊನ್ನೆ ವಕೀಲರ ಗುಮಾಸ್ತ ಹರಿದ ರಿಜಿಸ್ಟರು ಹಿಡಿದು ಒಳಗೆ ಕಾಲಿಟ್ಟವನು ಗೋಡೆ ನೋಡಿ ಗಕ್ಕನೆ ನಿಂತ. "ನಿಲ್ಲಿ! ನೀವು ತಪ್ಪು ಕಡೆಯಿಂದ..." ಎಂದು ಓದಿ, "ಕ್ಷಮಿಸಿ, ಬಾಗಿಲು ಆ ಕಡೇನಾ?" ಎಂದು ಹಿಂದೆ ಸರಿದ.

"ಬನ್ನಿ ಬನ್ನಿ," ಹೆಂಡತಿ ಸೂಜಿಯಿಂದ ತಲೆ ಎತ್ತದೆ ಹೇಳಿದಳು. "ಅದು ಗಿರಾಕಿಗಳಿಗಲ್ಲ, ಮಾಲೀಕರಿಗೆ!"