ಅಧ್ಯಕ್ಷರ ಬೀಗದ ಕೈ

ತಾರೀಕು ಹಾಕದೆ ನಾನು ಸೀನುವುದೂ ಇಲ್ಲವೆಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಶಿಸ್ತನ್ನು ನೋಡಿಯೇ ಕೊಪ್ಪದ ಕಚೇರಿಯೊಂದು, ಊರೂರಿನ ಸೇವಾಸಂಘಗಳನ್ನು ನೆರೆಗೆ, ಗುಡ್ಡ ಕುಸಿತಕ್ಕೆ ಸಜ್ಜುಗೊಳಿಸುವ ಕೆಲಸವನ್ನು ನನಗೆ ಕೊಟ್ಟದ್ದು. ಹವಾಮಾನ ಬದಲಾಗುತ್ತಿದೆ ಎಂದು ನಾನು ಗಂಟಲು ಸರಿಮಾಡಿಕೊಂಡರೆ "ಅದು ನಮಗೆ ಗೊತ್ತಿಲ್ವಾ, ಮೊದ್ಲು ಕಾಫಿ ಕುಡೀರಿ" ಎನ್ನುವ ಜನ.

ಹಿರೇಕೊಡಿಗೆಯ ಮಹಿಳಾ ಸಂಘ ಹಳ್ಳದ ದಡದಲ್ಲಿ ಶಿಶುವಿಹಾರ ನಡೆಸುತ್ತಿತ್ತು. ಹಳ್ಳ ಉಕ್ಕಿದರೆ ನೀರು ನೇರ ಅಂಗಳಕ್ಕೆ. ಮಕ್ಕಳನ್ನು ಹಗ್ಗ ಹಿಡಿಸಿ ಹಿಂದಿನ ದಿಬ್ಬ ಹತ್ತಿಸಬೇಕು. ಹಗ್ಗ, ಟಾರ್ಚು, ಔಷಧಿ ಎಲ್ಲ ತರಿಸಿ ಕಪಾಟಿನಲ್ಲಿಡಿಸಿದೆ. ಕಪಾಟಿಗೆ ಬೀಗ. ಬೀಗದ ಕೈ ಅಧ್ಯಕ್ಷೆ ಶಾರದಮ್ಮನವರ ಸೊಂಟದಲ್ಲಿ. ಶಾರದಮ್ಮನವರ ಮನೆ ಹಳ್ಳದ ಆಚೆ.

"ಇಲ್ಲೇ ಮೊಳೆಗೆ ತೂಗುಹಾಕಿ" ಎಂದೆ.

"ಹಂಗಾದ್ರೆ ಮೊಳೆನೇ ಅಧ್ಯಕ್ಷ ಮಾಡಿ ಮಾರಾಯ್ರೆ" ಎಂದರು ಶಾರದಮ್ಮ.

ನಾನು ಬಗ್ಗುವವನಲ್ಲ. ಮುಂದಿನ ವಾರವೇ ಅಣಕು ಕವಾಯತು ಇಟ್ಟು, "ಹಳ್ಳ ಉಕ್ಕಿತು, ಹಗ್ಗ ತನ್ನಿ!" ಎಂದು ಕೂಗಿದೆ. ಟೀಚರ್ ನಾಗವೇಣಿ ಚಪ್ಪಲಿ ಮೆಟ್ಟಿ ಹಳ್ಳ ದಾಟುವ ಮರದ ಸಂಕದ ಕಡೆ ಹೊರಟರು.

"ಎಲ್ಲಿಗೆ?"

"ಬೀಗದ ಕೈ ತರಕ್ಕೆ."

"ಸಂಕ ಕೊಚ್ಚಿ ಹೋಗಿದೆ!"

"ಎಂತ ಹೇಳ್ತೀರಿ, ಇಲ್ಲೇ ಇದ್ಯಲ್ಲ!"

ತಾಳ್ಮೆ ಮುಗಿಯಿತು. ಅಡಿಗೆಕೋಣೆಯ ಗುಂಡುಕಲ್ಲು ತಂದು ಎಲ್ಲರೆದುರೇ ಬೀಗ ಒಡೆದೆ. ಮಕ್ಕಳು ಚಪ್ಪಾಳೆ ತಟ್ಟಿದವು. ಸದ್ದು ಕೇಳಿ ಹಳ್ಳದಾಚೆಯಿಂದ ಓಡಿಬಂದ ಶಾರದಮ್ಮ ತಟ್ಟಲಿಲ್ಲ. ಕೂಡಲೇ ಸಭೆ ಸೇರಿತು. ಮೊಳೆಯ ಮಾತನ್ನು ಯಾರೂ ಎತ್ತಲಿಲ್ಲ. ಹೊಸ ಬೀಗ ಬಂತು, ಅದರ ಕೈಯನ್ನು ಅಧ್ಯಕ್ಷರಿಗಿಂತ ದೊಡ್ಡವರಿಗೇ ಒಪ್ಪಿಸಬೇಕೆಂದು ಒಮ್ಮತದಿಂದ ತೀರ್ಮಾನವಾಯಿತು. ದೊಡ್ಡವರೆಂದರೆ ನಾನು! ವಾದಿಸಬೇಕಿತ್ತು. ಆದರೆ ಹೊಗಳಿಕೆ ಕಿವಿಗೆ ಹಿತವಾಗಿತ್ತು, ಬಸ್ಸೂ ಹಾರ್ನ್ ಹೊಡೆಯುತ್ತಿತ್ತು. ಬೀಗದ ಕೈ ನನ್ನ ಜೇಬಿನಲ್ಲೇ ಇದೆ ಎಂಬುದು ನೆನಪಾದದ್ದು ಕೊಪ್ಪದಲ್ಲಿ ಇಳಿದಾಗ.

ಮರುದಿನ ಬೆಳಿಗ್ಗೆ ಮಳೆ ಹುಯ್ಯುತ್ತಿತ್ತು. ಬಸ್ಸು ಅರ್ಧ ದಾರಿಯಲ್ಲೇ ನಿಂತಿತು. ಉಳಿದದ್ದನ್ನು, ನನಗೆ ಬರುವ ಬೈಗುಳಗಳನ್ನೆಲ್ಲ ನನಗೇ ಬೈದುಕೊಳ್ಳುತ್ತ ಓಡಿದೆ. ಅಂಗಳದಲ್ಲಿ ಮೊಣಕಾಲುದ್ದ ಕೆಂಪು ನೀರು. ಶಿಶುವಿಹಾರದಲ್ಲಿ ಒಂದು ಮಗುವೂ ಇಲ್ಲ. ನೀರು ತುಳಿಯುತ್ತ ಹಿಂಬಾಗಿಲಿಗೆ ಹೋದೆ.

ದಿಬ್ಬದ ಮೇಲಿನಿಂದ ನಗು ಕೇಳಿಸಿತು. ಮರಕ್ಕೆ ಕಟ್ಟಿದ ಹಗ್ಗ, ಅದರಾಚೆ ಕೊಟ್ಟಿಗೆಯಲ್ಲಿ ಸಾಲಾಗಿ ಕೂತು ಅವಲಕ್ಕಿ ತಿನ್ನುವ ಮಕ್ಕಳು. ನಾನು ಬೀಗದ ಕೈ ಎತ್ತಿ ತೋರಿಸಿದೆ.

"ಅದು ಎಂತಕ್ಕೆ ತಂದ್ರಿ?" ನಾಗವೇಣಿ ಕೇಳಿದರು. "ಗುಂಡುಕಲ್ಲು ಇತ್ತಲ್ಲ. ನೀವು ಕಲಿಸಿದ್ದು ಅದೊಂದು ಚೆನ್ನಾಗಿ ಅರ್ಥ ಆಗಿತ್ತು."