ನಮ್ಮ ಟಾಕೀಸಿಗೆ ಐದನೇ ಭಾಗ ಬಂದಾಗ

ಟಾಕೀಸಿನ ಕೆಲಸವೇ ಹಾಗೆ, ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ಏನಾದರೂ ನಡೆದುಹೋಗುತ್ತದೆ. ಪಿಕ್ಚರ್ ಚೆನ್ನಾಗಿಲ್ಲದಿದ್ದರಂತೂ ಇನ್ನೂ ಜಾಸ್ತಿ. ಎಂಬತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಟಾಕೀಸಿನಲ್ಲಿ ಪಿಕ್ಚರ್ ಬಿಡುವ ಆಪರೇಟರ್ ಆಗಿದ್ದೆ. ಆಗ ಒಂದು ಇಂಗ್ಲಿಷ್ ಫೈಟಿಂಗ್ ಪಿಕ್ಚರ್ ವರ್ಷಗಟ್ಟಲೆಯಿಂದ ಭಾಗ ಭಾಗವಾಗಿ ಬರುತ್ತಿತ್ತು. ಹೀರೋ ಒಬ್ಬನೇ, ಎದುರಿಗೆ ಊರ ತುಂಬಾ ರೌಡಿಗಳು. ಮೊದಲನೇ ಭಾಗಕ್ಕೆ ಜನ ನುಗ್ಗಿ ಗೇಟು ಮುರಿದಿತ್ತು. ಎರಡನೆಯದಕ್ಕೆ ಪೊಲೀಸರು ಬಂದಿದ್ದರು. ಮೂರು, ನಾಲ್ಕು ಎರಡೂ ಹೌಸ್‌ಫುಲ್. ಹಾಗಾಗಿ ಐದನೆಯದು ಬರುತ್ತದೆ ಅಂದಾಗ ನಮ್ಮ ಮ್ಯಾನೇಜರ್ ಗೇಟಿಗೆ ಹೊಸ ಚಿಲಕ ಹಾಕಿಸಿದರು. ಚಿಲಕದ ಅಗತ್ಯವೇ ಬೀಳಲಿಲ್ಲ. ಆದರೆ ಆ ಪಿಕ್ಚರ್ ನೋಡೋಕೆ ಬಂದ ಜನ ಇದ್ದರಲ್ಲ, ಅವರನ್ನು ನೆನೆಸಿಕೊಂಡರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಸ್ವೆಟರ್

ಹೊಸ ಪಿಕ್ಚರ್ ಬಂದರೆ ಮೊದಲ ಶೋಗೆ ಮುಂಚೆ ಒಂದೆರಡು ರೀಲು ಹಾಕಿ ನೋಡುವುದು ನಮ್ಮ ಪದ್ಧತಿ. ಖಾಲಿ ಹಾಲಿನಲ್ಲಿ ಮ್ಯಾನೇಜರ್ ಒಬ್ಬರೇ ಕೂತರು. ರೀಲು ಹಾಕಿ ನಾನೂ ಕ್ಯಾಬಿನ್ನಿನ ಕಿಂಡಿಯಲ್ಲಿ ಕಣ್ಣಿಟ್ಟೆ. ಒಬ್ಬ ಹೊಟ್ಟೆ ಬಂದ ಯಜಮಾನರು ಸ್ವೆಟರ್ ಹಾಕಿಕೊಂಡು ಗಿಡಕ್ಕೆ ನೀರು ಬಿಡುತ್ತಿದ್ದರು. ಅರ್ಧ ರೀಲು ಓಡಿದರೂ ಅವರು ಮನೆ ಬಿಟ್ಟು ಹೊರಟಿರಲಿಲ್ಲ.

ಕೆಳಗಿಳಿದು ಬಂದು ಕೇಳಿದೆ. "ಸಾರ್, ಹೀರೋಯಿನ್ ಅಪ್ಪನ್ನ ಎಷ್ಟೊತ್ತು ತೋರಿಸ್ತಾರೆ? ಹೀರೋ ಯಾವಾಗ ಬರ್ತಾನೆ?"

ಮ್ಯಾನೇಜರ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. "ಬಂದಾಯ್ತು ಕಣಯ್ಯಾ. ನೀರು ಬಿಡ್ತಾ ಇರೋನೇ ಹೀರೋ."

ಕೊನೇ ಪಾಠ

ವಿಜಯನಗರದಲ್ಲಿ ಒಬ್ಬ ಕರಾಟೆ ಮಾಸ್ಟರ್ ಇದ್ದರು. "ಒದೆಯೋದು ಕಲೀಬೇಕು ಅಂದ್ರೆ ಈ ಹೀರೋನ ನೋಡ್ರೋ" ಅಂತ ಶಿಷ್ಯರಿಗೆ ವರ್ಷಗಟ್ಟಲೆ ಹೇಳಿಕೊಂಡು ಬಂದವರು. ಮೊದಲ ದಿನವೇ ಇಡೀ ಕ್ಲಾಸನ್ನು ಬಿಳೀ ಡ್ರೆಸ್ಸು, ಬೆಲ್ಟಿನ ಸಮೇತ ಕರೆದುಕೊಂಡು ಬಂದು ಬಾಲ್ಕನಿ ತುಂಬಿಸಿದರು.

ಪರದೆಯ ಮೇಲೆ ಹೀರೋ ಹಲ್ಲು ಕಚ್ಚಿ ಕಾಲೆತ್ತಿದ. ಮರುಕ್ಷಣ ಕಾಲು ಮಾತ್ರ ತೋರಿಸಿದರು. ಸಣಕಲು ಕಾಲು, ಅದರಲ್ಲಿ ಬೇರೆ ಬಣ್ಣದ ಬೂಟು! ಡೂಪ್ ಹಾಕಿದ್ದರು. ಬಾಲ್ಕನಿಯಲ್ಲಿ ಗುಸುಗುಸು ಶುರುವಾಯಿತು. ಇಂಟರ್ವಲ್ಲಿನಲ್ಲಿ ಶಿಷ್ಯರೆಲ್ಲ ಮಾಸ್ಟರನ್ನು ಸುತ್ತುವರಿದರು. "ಮಾಸ್ಟರ್, ಆ ಕಾಲು ಅವನದ್ದಲ್ಲ!" ಅಂತ ಒಬ್ಬ ಹೇಳಿಯೇಬಿಟ್ಟ. ಅಷ್ಟು ವರ್ಷದ ಮರ್ಯಾದೆ ಸೋಡಾ ಅಂಗಡಿ ಮುಂದೆ ತೂಗಾಡುತ್ತಿತ್ತು. ನಾನು ಟೀ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಯ್ಯೋ ಪಾಪ ಅನ್ನಿಸಿತು.

ಮಾಸ್ಟರ್ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದರು. "ಎಡಗಾಲು ಬರುತ್ತೋ ಬಲಗಾಲು ಬರುತ್ತೋ ಎದುರಾಳಿಗೆ ಗೊತ್ತಾಗಬಾರದು ಅಂತ ನಿಮಗೆ ಹೇಳ್ಕೊಟ್ಟಿದ್ದೀನಿ. ಅದು ಮೊದಲನೇ ಪಾಠ. ಕಾಲು ಯಾರದ್ದು ಅಂತಲೇ ಗೊತ್ತಾಗಬಾರದು. ಇದು ಕೊನೇ ಪಾಠ!"

ಶಿಷ್ಯರೆಲ್ಲ ಒಟ್ಟಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಗೊತ್ತಿಲ್ಲದೇ ನಾನೂ ಬಗ್ಗಿದೆ, ಟೀ ಚೆಲ್ಲಿತು.

ಮೆಟ್ಟಿಲು

ಬಸವೇಶ್ವರನಗರದಿಂದ ಒಬ್ಬರು ಅಜ್ಜಿ ಬರುತ್ತಿದ್ದರು. ಇಂಗ್ಲಿಷಿನ ಒಂದಕ್ಷರ ಬಾರದು, ಆದರೆ ಆ ಹೀರೋನ ಒಂದು ಭಾಗವನ್ನೂ ಬಿಟ್ಟವರಲ್ಲ. ಸೆರಗಿನಲ್ಲಿ ಕೋಡುಬಳೆ ಕಟ್ಟಿಕೊಂಡು, ಬಾಲ್ಕನಿಯಲ್ಲಿ ನನ್ನ ಕಿಂಡಿಯ ಕೆಳಗೇ ಕೂರುತ್ತಿದ್ದರು.

ಕೊನೆಯ ಫೈಟಿಗೆ ಹೀರೋ ಉದ್ದನೆಯ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಹತ್ತಿದ, ನಿಂತ, ಏದುಸಿರು ಬಿಟ್ಟ. ಮೇಲೆ ಕಾಯುತ್ತಿದ್ದ ವಿಲನ್ ಅವನ ಕೆನ್ನೆಗೆ ಒಂದು ಬಾರಿಸಿದ. ಹಿಂದೆಲ್ಲ ಇಂಥ ಕಡೆ ಸೀಟಿಯ ಮೇಲೆ ಸೀಟಿ ಬೀಳುತ್ತಿತ್ತು. ಅವತ್ತು ಹಾಲೆಲ್ಲ ಗಪ್‌ಚುಪ್. ಆ ಮೌನದಲ್ಲಿ ಅಜ್ಜಿ ಎದ್ದು ನಿಂತು ಕೂಗಿದರು. "ಲೋ ದರಿದ್ರದವನೇ, ವಯಸ್ಸಾದೋರ ಮೇಲೆ ಕೈ ಮಾಡ್ತೀಯಾ? ನಿನ್ನ ಕೈ ಸೇದಿಹೋಗ!"

ಪರದೆ ಮುಂದಿನ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಚಪ್ಪಾಳೆ. ನೀವು ನಂಬುತ್ತೀರೋ ಇಲ್ಲವೋ, ಪರದೆಯ ಮೇಲೆ ಅದೇ ಕ್ಷಣಕ್ಕೆ ವಿಲನ್ ಕಾಲು ಜಾರಿ ಬಿದ್ದ.

ಶೋ ಬಿಟ್ಟಮೇಲೆ ಅಜ್ಜಿ ಕ್ಯಾಬಿನ್ ಬಾಗಿಲಿಗೆ ಬಂದರು. "ಪಿಕ್ಚರ್ ಬಿಡೋನು ನೀನೇ ಅಲ್ವೇನಪ್ಪಾ? ಅವನಿಗೆ ಒಂದು ಮಾತು ಹೇಳು, ಮಂಡಿ ನೋವಿರೋ ಹಾಗಿದೆ. ಮುಂದಿನ ಸಲ ನೆಲಮಾಳಿಗೇಲಿ ಹೊಡೆದಾಡಲಿ."

ಡ್ಯೂಟಿ

ಎರಡನೇ ವಾರಕ್ಕೆ ಒಂದು ರೀಲು ಹರಿದುಹೋಯಿತು. ಬದಲಿ ರೀಲು ಡಬ್ಬಿಯಲ್ಲಿ ಬಂತು. ಡಬ್ಬಿಯ ಮೇಲೆ ಐದನೇ ಭಾಗ ಅಂತಲೇ ಬರೆದಿತ್ತು. ಭಾನುವಾರದ ಮ್ಯಾಟಿನಿ, ನೋಡುವಷ್ಟು ಟೈಮಿಲ್ಲ, ಹಾಗೇ ಏರಿಸಿದೆ.

ಹಿಂದಿನ ರೀಲಿನ ಕೊನೆಯಲ್ಲಿ ಹೀರೋ ಸುಸ್ತಾಗಿ ಒಂದು ಬಾಗಿಲು ತಳ್ಳುತ್ತಾನೆ. ಅಲ್ಲಿಗೆ ಹೊಸ ರೀಲು ಶುರುವಾಯಿತು. ಹೀರೋ ಗಾಳಿಯಲ್ಲಿ ಹಾರಿ ಬಂದ! ಕಪ್ಪು ಕೂದಲು, ಹೊಟ್ಟೆ ಮಾಯ. ಡಬ್ಬಿಯೊಳಗಿದ್ದದ್ದು ಎರಡನೇ ಭಾಗದ ರೀಲು. ಅಷ್ಟೇ ಅಲ್ಲ, ಎರಡನೇ ಭಾಗದಲ್ಲೇ ಬೆಂಕಿಗೆ ಬಿದ್ದು ಸತ್ತಿದ್ದ ಹಳೇ ವಿಲನ್ ಎದುರಿಗೆ ನಿಂತಿದ್ದಾನೆ.

ಮ್ಯಾನೇಜರ್ ಮೆಟ್ಟಿಲು ಹಾರಿಕೊಂಡು ಮೇಲೆ ಬಂದರು. "ನಿಲ್ಲಿಸೋ! ಸೀಟೆಲ್ಲಾ ಮುರಿದು ಹಾಕ್ತಾರೆ!"

ನಾನು ಸ್ವಿಚ್ಚಿಗೆ ಕೈ ಹಾಕಿದೆ. ಅಷ್ಟರಲ್ಲಿ ಕೆಳಗಿನಿಂದ ಒಂದು ಗರ್ಜನೆ ಬಂತು. ಕಿಂಡಿಯಲ್ಲಿ ಇಬ್ಬರೂ ಬಗ್ಗಿ ನೋಡಿದೆವು. ಜನ ಕುರ್ಚಿ ಹತ್ತಿ ನಿಂತಿದ್ದಾರೆ. ಟವೆಲ್ಲು ಗಾಳಿಯಲ್ಲಿ ತಿರುಗುತ್ತಿದೆ, ಸೀಟಿಗೆ ಕಿವಿ ತೂತಾಗುತ್ತಿದೆ. ಮ್ಯಾನೇಜರ್ ನನ್ನ ಕೈ ಹಿಡಿದುಕೊಂಡರು. "ಬಿಡಯ್ಯಾ… ಓಡಲಿ."

ಹಳೇ ವಿಲನ್ ಇನ್ನೊಂದು ಸಲ ಬೆಂಕಿಗೆ ಬಿದ್ದು ಸತ್ತ. ರೀಲು ಮುಗಿಯಿತು. ಮುಂದಿನ ರೀಲಿನಲ್ಲಿ ಅದೇ ಬಾಗಿಲಿನಿಂದ ಹೀರೋ ನರೆತ ತಲೆ, ಹೊಟ್ಟೆ ಸಮೇತ ಬೆವರು ಒರೆಸಿಕೊಳ್ಳುತ್ತ ಆಚೆ ಬಂದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಆದರೂ ಶೋ ಬಿಡುವಾಗ ಮ್ಯಾನೇಜರ್ ಗೇಟಿನಲ್ಲಿ ಹೆದರುತ್ತಲೇ ನಿಂತಿದ್ದರು. ಬಿನ್ನಿಪೇಟೆ ಕಡೆಯ ಒಬ್ಬರು ಮಿಲ್ ಕಾರ್ಮಿಕರು ನೇರವಾಗಿ ಅವರ ಹತ್ತಿರ ಬಂದರು.

"ಸಾರ್, ಆ ಹಳೇ ವಿಲನ್ನು ಎರಡನೇ ಭಾಗದಲ್ಲೇ ಸತ್ತಿದ್ದ ಅಲ್ವಾ?"

ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದರು. "ಹೌದಪ್ಪಾ…"

ಅವರು ಮ್ಯಾನೇಜರರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಾಡುತ್ತಿತ್ತು.

"ಎಂಥಾ ಮನುಷ್ಯ ಸಾರ್! ಮೈ ಸ್ವಲ್ಪ ಬೆಚ್ಚಗಾದ್ರೆ ನಾವು ರಜಾ ಹಾಕ್ತೀವಿ. ಅವನು ನೋಡಿ, ಸುಟ್ಟು ಸತ್ತೋಗಿದ್ರೂ ಡ್ಯೂಟಿಗೆ ಬಂದಿದಾನೆ!"